ಅಂಗಡಿಯಲ್ಲಿ ಸರಿ, ಮನೆಯಲ್ಲಿ ಹ್ಯಾಂಗ್

ಮನೆಯ ಕಂಪ್ಯೂಟರು ದಿನ ಬಿಟ್ಟು ದಿನ ಹ್ಯಾಂಗ್ ಆಗುತ್ತಿದೆ. ಮೌಸ್ ಅಲ್ಲಾಡುವುದಿಲ್ಲ, ಕೀಬೋರ್ಡ್ ಮಾತು ಕೇಳುವುದಿಲ್ಲ, ಪವರ್ ಬಟನ್ ಒತ್ತಿಹಿಡಿದು ಆರಿಸುವುದೊಂದೇ ದಾರಿ. ಬೇಸತ್ತು ವೈರುಗಳನ್ನೆಲ್ಲ ಕಿತ್ತು, ಕ್ಯಾಬಿನೆಟ್ಟನ್ನು ಸ್ಕೂಟರಿನ ಮೇಲೆ ಕಾಲ ಹತ್ತಿರ ಇಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿ ಅದು ಎರಡು ಗಂಟೆ ಒಂದೇ ಸಮನೆ ಓಡುತ್ತದೆ. ‘ಏನೂ ತೊಂದರೆ ಕಾಣ್ತಿಲ್ಲ ಸಾರ್, ಒಂದ್ಸಲ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಬಿಡ್ತೀನಿ’ ಎನ್ನುತ್ತಾನೆ ಹುಡುಗ. ಹಾಕಿಸಿಕೊಂಡು ಬಂದ ಮೂರನೇ ದಿನ ಮತ್ತದೇ ಕಥೆ.

ಹುಡುಗನನ್ನು ಬೈಯುವ ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಕಂಪ್ಯೂಟರು ಸರಾಸರಿ 20 ಗಂಟೆ ಓಡಿದರೆ ಒಮ್ಮೆ ಹ್ಯಾಂಗ್ ಆಗುತ್ತದೆ, ಯಾವ ಗಳಿಗೆಯಲ್ಲಿ ಎಂಬುದಕ್ಕೆ ಗೊತ್ತುಗುರಿ ಇಲ್ಲ ಎಂದಿಟ್ಟುಕೊಳ್ಳಿ. ಸಂಭವನೀಯತೆಯ ಗಣಿತದ ಪ್ರಕಾರ ಅದು ಎರಡು ಗಂಟೆ ತಕರಾರಿಲ್ಲದೆ ಓಡುವ ಸಾಧ್ಯತೆ ನೂರಕ್ಕೆ 90. ಅಂದರೆ ದೋಷ ಹಾಗೇ ಇದ್ದರೂ ಹತ್ತರಲ್ಲಿ ಒಂಬತ್ತು ಸಲ ಅಂಗಡಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. 20 ಗಂಟೆ ಓಡಿಸಿ ನೋಡಿದರೂ ನೂರಕ್ಕೆ 37ರಷ್ಟು ಸಾಧ್ಯತೆ ಅದು ಸುಮ್ಮನಿರುವುದೇ. 60 ಗಂಟೆ ದಾಟಿದ ಮೇಲೆ ಮಾತ್ರ ಆ ಸಾಧ್ಯತೆ ನೂರಕ್ಕೆ 5ಕ್ಕೆ ಇಳಿಯುತ್ತದೆ. ಆದ್ದರಿಂದ ಯಾವುದೇ ರಿಪೇರಿ ಫಲಿಸಿತೋ ಇಲ್ಲವೋ ಎನ್ನಲು, ಮೊದಲು ಎಷ್ಟು ಗಂಟೆಗೊಮ್ಮೆ ಕೆಡುತ್ತಿತ್ತೋ ಅದರ ಮೂರು ಪಟ್ಟು ಹೊತ್ತು ಕಾಯಬೇಕು. ಇಷ್ಟು ಹೊತ್ತು ಕಾಯಲು ಯಾವ ಅಂಗಡಿಗೂ ಪುರಸೊತ್ತಿಲ್ಲ, ಮನೆಯವರಿಗೆ ಇದೆ.

ಇನ್ನೊಂದು ವಿಷಯ. ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಏನೇನು ಬದಲಾಯಿತು ನೋಡಿ. ಕರೆಂಟಿನ ಲೈನು ಬೇರೆ, ಅರ್ತಿಂಗ್ ಬೇರೆ. ಅಂಗಡಿಯವನು ಪಕ್ಕದ ಬಾಗಿಲು ಬಿಚ್ಚಿಟ್ಟೇ ಓಡಿಸುತ್ತಾನೆ, ಹಾಗಾಗಿ ಒಳಗಿನ ಬಿಸಿ ಬೇರೆ. ನಮ್ಮ ಪ್ರಿಂಟರು, ಹಳೆಯ ಪೆನ್‌ಡ್ರೈವು ಅಲ್ಲಿಗೆ ಹೋಗಿಲ್ಲ. ದಾರಿಯ ಹಂಪುಗಳಿಗೆ ಕುಲುಕಿ ಸಡಿಲವಾಗಿದ್ದ ಯಾವುದೋ ಕೇಬಲ್ಲು ಸರಿಯಾಗಿ ಕೂತಿರಲೂಬಹುದು. ಐದಾರು ಅಂಶ ಒಟ್ಟಿಗೆ ಬದಲಾದ ಮೇಲೆ ಯಾವುದರಿಂದ ಏನಾಯಿತೆಂದು ದೇವರೇ ಬಲ್ಲ. ಹಾಗೆಂದು ಆ ಎರಡು ಗಂಟೆ ಪೂರ್ತಿ ವ್ಯರ್ಥವೂ ಅಲ್ಲ. ಒಯ್ದಾಗಲೆಲ್ಲ ಸರಿಯಾಗಿ, ಮನೆಗೆ ಬಂದಾಗಲೆಲ್ಲ ಕೆಡುತ್ತಿದ್ದರೆ ಅನುಮಾನ ಪಡಬೇಕಾದದ್ದು ಕಂಪ್ಯೂಟರಿಗಿಂತ ಹೆಚ್ಚಾಗಿ ಮನೆಯ ಪ್ಲಗ್ಗು, ಸ್ಪೈಕ್ ಬಸ್ಟರು, ಯುಪಿಎಸ್ಸು ಮತ್ತು ಗಾಳಿಯಾಡದ ಕಂಪ್ಯೂಟರ್ ಟೇಬಲ್ಲುಗಳನ್ನು.

ಬ್ಯಾಂಕುಗಳಿಗಾಗಿ ನಿಲ್ಲದೆ ಓಡುವ ಯಂತ್ರಗಳನ್ನು ಮಾಡುತ್ತಿದ್ದ ಟ್ಯಾಂಡೆಮ್ ಕಂಪನಿಯಲ್ಲಿ ಜಿಮ್ ಗ್ರೇ ಎಂಬ ವಿಜ್ಞಾನಿ ಇದ್ದರು. ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂಬುದನ್ನೇ ವಿಷಯವಾಗಿಟ್ಟುಕೊಂಡು 1985ರಲ್ಲಿ ಅವರು ಒಂದು ವರದಿ ಬರೆದರು. ಅದರಲ್ಲಿ ದೋಷಗಳ ಎರಡು ಜಾತಿ ಬರುತ್ತದೆ. ಒಂದು, ಅದೇ ಕೆಲಸ ಮಾಡಿದಾಗಲೆಲ್ಲ ತಪ್ಪದೆ ಕಾಣಿಸಿಕೊಳ್ಳುವ ದೋಷ. ಇದಕ್ಕೆ ನೀಲ್ಸ್ ಬೋರ್ ಹೆಸರಿನಲ್ಲಿ ಬೋರ್‌ಬಗ್ ಎಂದರು. ಇನ್ನೊಂದು, ಹುಡುಕಲು ಹೋದರೆ ಮಾಯವಾಗುವ ದೋಷ; ಅನಿಶ್ಚಿತತೆಯ ಹೈಸೆನ್‌ಬರ್ಗ್ ನೆನಪಿಗೆ ಹೈಸೆನ್‌ಬಗ್. ಚೆನ್ನಾಗಿ ಪರೀಕ್ಷಿಸಿ ಮಾರಿದ ಸಾಫ್ಟ್‌ವೇರಿನಲ್ಲಿ ಬೋರ್‌ಬಗ್‌ಗಳು ಮೊದಲೇ ಸಿಕ್ಕಿಬಿದ್ದಿರುತ್ತವೆ, ಉಳಿಯುವುದು ಬಹುಪಾಲು ಎರಡನೇ ಜಾತಿಯವು ಎಂದರು ಗ್ರೇ. ‘ಆಫ್ ಮಾಡಿ ಆನ್ ಮಾಡಿ’ ಎಂಬ ಚಿಕಿತ್ಸೆ ನಗೆಪಾಟಲಾದರೂ ಕೆಲಸ ಮಾಡುವುದು ಇದಕ್ಕೇ. ನೂರಾರು ಕೆಲಸಗಳು ಯಾವುದೋ ವಿಚಿತ್ರ ಕ್ರಮದಲ್ಲಿ ಕೂಡಿಬಂದು ಸಿಕ್ಕು ಬಿದ್ದಿರುತ್ತದೆ. ರೀಸ್ಟಾರ್ಟ್ ಮಾಡಿದಾಗ ಅದೇ ಕ್ರಮ ಮತ್ತೆ ಕೂಡಿಬರುವುದು ಅಪರೂಪ.

ಇದು ಸಾಫ್ಟ್‌ವೇರಿನ ಮಾತು. ಹಾರ್ಡ್‌ವೇರ್ ಇಷ್ಟು ಉದಾರಿಯಲ್ಲ. ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಸಾಮಾನ್ಯ ಬಳಕೆದಾರರ ಕಂಪ್ಯೂಟರುಗಳ ಕ್ರ್ಯಾಶ್ ದಾಖಲೆಗಳನ್ನು ಜಾಲಾಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ತಿಂಗಳ ಅವಧಿಯಲ್ಲಿ ಸಾಕಷ್ಟು ದುಡಿದ ಯಂತ್ರಗಳಲ್ಲಿ ಪ್ರೊಸೆಸರ್ ಭಾಗದ ದೋಷದಿಂದ ಕ್ರ್ಯಾಶ್ ಆಗುವ ಸಾಧ್ಯತೆ 190ರಲ್ಲಿ ಒಂದು. ಆದರೆ ಒಮ್ಮೆ ಹಾಗೆ ಬಿದ್ದ ಯಂತ್ರ ಇನ್ನೊಮ್ಮೆ ಬೀಳುವ ಸಾಧ್ಯತೆ ಸುಮಾರು 3ರಲ್ಲಿ ಒಂದು! ಮೊದಲನೆಯದನ್ನು ಗ್ರಹಚಾರ ಎನ್ನಬಹುದು. ಎರಡನೆಯದು ಬಂದಾಗ ಫೋಟೋ, ಮಕ್ಕಳ ಅಂಕಪಟ್ಟಿ, ಲೆಕ್ಕಪತ್ರಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಂಡು ಆಮೇಲೆ ಸ್ಕ್ರೂಡ್ರೈವರ್ ಹುಡುಕಬೇಕು.

ಅದಕ್ಕೂ ಮುಂಚೆ ಯಂತ್ರ ಹೇಗೆ ನಿಂತಿತು ಎಂದು ನೋಡಿಕೊಳ್ಳಿ. ಹೆಚ್ಚಿನವರು ‘ಸಿಸ್ಟಮ್ ಹ್ಯಾಂಗ್’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಘಟನೆಗಳನ್ನು ಹೇಳಿಬಿಡುತ್ತಾರೆ. ಒಂದೇ ಪ್ರೋಗ್ರಾಂ ನಿಂತು ಉಳಿದವೆಲ್ಲ ಓಡುತ್ತಿದ್ದರೆ ಅದು ಆ ಪ್ರೋಗ್ರಾಮಿನ ಪಾಡು. ಕಿಟಕಿ ಮಸುಕಾಗಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದಲ್ಲ, ಅದು ವಿಂಡೋಸ್‌ನ ತೀರ್ಪೇನಲ್ಲ, ಬರೀ ಊಹೆ: ಐದು ಸೆಕೆಂಡು ಕರೆದರೂ ಓಗೊಡಲಿಲ್ಲ, ಅಷ್ಟೇ. ಅದು ಸತ್ತಿದೆಯೋ ದೊಡ್ಡ ಲೆಕ್ಕದಲ್ಲಿ ಮುಳುಗಿದೆಯೋ ಹೊರಗಿನಿಂದ ಹೇಳಲಾಗದು. ಯಾವ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ಮುಗಿಯುತ್ತದೋ ಕೊನೆಯಿಲ್ಲದೆ ಸುತ್ತುತ್ತದೋ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲು ಸಾಧ್ಯವೇ ಇಲ್ಲವೆಂದು ಅಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿ ತೋರಿಸಿದ್ದಾರೆ. ಒಂದೆರಡು ನಿಮಿಷ ಕಾಯುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಇಡೀ ಪರದೆ ಸ್ತಬ್ಧವಾದರೆ ಕ್ಯಾಪ್ಸ್‌ಲಾಕ್ ಕೀ ಒತ್ತಿ ನೋಡಿ. ಆ ಪುಟ್ಟ ದೀಪವನ್ನು ಹೊತ್ತಿಸುವುದು ಕೀಬೋರ್ಡ್ ಅಲ್ಲ, ಒಳಗಿನ ಆಪರೇಟಿಂಗ್ ಸಿಸ್ಟಮ್. ದೀಪ ಹೊತ್ತಿ ಆರುತ್ತಿದ್ದರೆ ಒಳಗೆ ಜೀವ ಇದೆ; ಡಿಸ್ಕೋ ಗ್ರಾಫಿಕ್ಸೋ ಕೈಕೊಟ್ಟಿರಬೇಕು. ದೀಪವೂ ಕದಲದಿದ್ದರೆ ಬೇರಿಗೇ ಪೆಟ್ಟು ಬಿದ್ದಿದೆ.

ಮೂರನೆಯದಾದ ನೀಲಿ ಪರದೆ ಇದಕ್ಕೆ ತದ್ವಿರುದ್ಧ. 2025ರಿಂದ ವಿಂಡೋಸ್ 11ರಲ್ಲಿ ಅದನ್ನು ಕಪ್ಪು ಮಾಡಿದ್ದಾರೆ, ಸ್ವಭಾವ ಬದಲಾಗಿಲ್ಲ. ಅದನ್ನು ಕಂಡು ಜನ ಗಾಬರಿಯಾಗುತ್ತಾರೆ; ನನ್ನ ಮಟ್ಟಿಗೆ ನಾಲ್ಕರಲ್ಲಿ ಅದೇ ಒಳ್ಳೆಯ ಸುದ್ದಿ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತನ್ನ ಲೆಕ್ಕದಲ್ಲಿ ಸಲ್ಲದ್ದೇನನ್ನೋ ಕಂಡು, ಇನ್ನು ಮುಂದುವರಿದರೆ ಡಿಸ್ಕಿನ ಮಾಹಿತಿಗೇ ಅಪಾಯವೆಂದು ತಾನಾಗಿ ನಿಲ್ಲಿಸಿ, ಕಾರಣವನ್ನು ಬರೆದಿಟ್ಟು ಹೋಗಿದೆ. ಆ ಕೋಡನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಪ್ರತಿಸಲವೂ ಒಂದೇ ಕೋಡ್ ಬಂದರೆ ಒಂದು ಡ್ರೈವರಿನ, ಅಂದರೆ ಬಿಡಿಭಾಗವನ್ನು ನಡೆಸುವ ಸಾಫ್ಟ್‌ವೇರಿನ, ಮೇಲೆ ಕಣ್ಣಿಡಬಹುದು. ಇವತ್ತೊಂದು, ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು ಬಂದರೆ ಅಷ್ಟು ಪ್ರೋಗ್ರಾಮುಗಳು ಒಟ್ಟಿಗೆ ಕೆಡಲಾರವು. ಎಲ್ಲವೂ ಆತುಕೊಂಡಿರುವ ನೆಲ, ಅಂದರೆ ರ್‍ಯಾಮ್ ಅಥವಾ ವಿದ್ಯುತ್ತು, ಕುಸಿದಿದೆ.

ನಾಲ್ಕನೆಯದು ಏನೂ ಹೇಳದೆ ಫಕ್ಕನೆ ಆರಿಹೋಗುವುದು, ಇಲ್ಲವೇ ತಾನೇ ರೀಸ್ಟಾರ್ಟ್ ಆಗುವುದು. ಇವೆಂಟ್ ವ್ಯೂವರ್‌ನಲ್ಲಿ ಆಗ ‘ಕರ್ನಲ್ ಪವರ್ 41’ ಎಂಬ ಕೆಂಪು ಗುರುತು ಸಿಗುತ್ತದೆ. ‘ಪವರ್’ ಎಂದು ಓದಿ ಕೂಡಲೇ ಹೊಸ ಎಸ್‌ಎಂಪಿಎಸ್ ತಂದವರಿದ್ದಾರೆ. ಆ ನಮೂದು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಅದನ್ನು ಬರೆದದ್ದು ಆಮೇಲೆ ಎದ್ದ ವಿಂಡೋಸ್, ಘಟನೆಗೆ ಸಾಕ್ಷಿಯಾಗಿದ್ದ ವಿಂಡೋಸ್ ಅಲ್ಲ.

ಸುಳಿವಿಲ್ಲದೆ ಆರುವ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಬಿಸಿ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಗೇಮ್ ಓಡಿಸುತ್ತಿರುವ ಪ್ರೊಸೆಸರುಗಳ ಮೇಲಿಂದ ಹೀಟ್‌ಸಿಂಕ್ ಕಿತ್ತು ವಿಡಿಯೋ ಮಾಡಿದ್ದರು. ಎಎಂಡಿಯ ಅಥ್ಲಾನ್ ಕ್ಷಣದಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಇಂಟೆಲ್‌ನ ಪೆಂಟಿಯಂ 4 ಮಾತ್ರ ವೇಗ ತಗ್ಗಿಸಿಕೊಂಡು ಕುಂಟುತ್ತಲೇ ಗೇಮ್ ಮುಂದುವರಿಸಿತು. ಇವತ್ತಿನ ಎಲ್ಲ ಪ್ರೊಸೆಸರುಗಳೂ ಎರಡನೆಯದರ ದಾರಿ ಹಿಡಿದಿವೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ನಿಧಾನವಾಗುತ್ತವೆ, ಅದೂ ಸಾಲದಾದಾಗ ವಿದ್ಯುತ್ತನ್ನೇ ಕಡಿದುಕೊಳ್ಳುತ್ತವೆ. ಹೀಗಾಗಿ ಬಿಸಿಯ ದೋಷಕ್ಕೆ ಒಂದು ನಡೆ ಇದೆ: ಮೊದಲು ಎಳೆದಾಡುತ್ತದೆ, ಆಮೇಲೆ ಆರುತ್ತದೆ, ತಕ್ಷಣ ಮತ್ತೆ ಹಚ್ಚಿದರೆ ಈ ಸಲ ಇನ್ನೂ ಬೇಗ ಆರುತ್ತದೆ.

ಹೀಟ್‌ಸಿಂಕ್ ಮತ್ತು ಫ್ಯಾನು ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರವು, ಸುತ್ತಲಿನ ಗಾಳಿಗಿಂತ ಇಷ್ಟೇ ಡಿಗ್ರಿ ಮೇಲೆ ಇರುವಂತೆ ತಡೆಯಬಲ್ಲವು. ಗಾಳಿ 25 ಡಿಗ್ರಿ ಇದ್ದಾಗ ಚಿಪ್ಪು 75ಕ್ಕೆ ನಿಲ್ಲುತ್ತಿದ್ದರೆ, ಗಾಳಿ 40 ಆದಾಗ ಅದೇ ಕೆಲಸಕ್ಕೆ 90 ಮುಟ್ಟುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ 40 ಎಂಬುದು ಮಾಮೂಲಿ. ಅದರ ಮೇಲೆ ಕ್ಯಾಬಿನೆಟ್ಟನ್ನು ಟೇಬಲ್ಲಿನ ಕೆಳಗಿನ ಗೂಡಿಗೆ ತುರುಕಿ, ಹಿಂಬದಿಯನ್ನು ಗೋಡೆಗೆ ಒತ್ತಿಟ್ಟರೆ ತಾನೇ ಉಗುಳಿದ ಬಿಸಿಗಾಳಿಯನ್ನು ಅದು ಮತ್ತೆ ಒಳಗೆಳೆದುಕೊಳ್ಳುತ್ತದೆ.

ಐದಾರು ವರ್ಷ ಬಿಚ್ಚದ ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ ಹೊರನೋಟಕ್ಕೆ ಅಷ್ಟೇನೂ ಧೂಳು ಕಾಣುವುದಿಲ್ಲ. ಪ್ರೊಸೆಸರ್ ಫ್ಯಾನನ್ನು ಬಿಚ್ಚಿ ಕೆಳಗೆ ನೋಡಬೇಕು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂದಲು, ಹತ್ತಿಯ ಎಳೆ, ಅಡುಗೆಯ ಜಿಡ್ಡು ಸೇರಿ ಒತ್ತಿದ ಕಂಬಳಿಯ ತುಂಡೊಂದು ಕೂತಿರುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಕೆಳಗಿಳಿಯುವುದಿಲ್ಲ. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮತ್ತೆ ಕೂರಿಸುವಾಗ ಹಳೆಯ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿ. ಇಂಟೆಲ್ ಕೂಲರಿನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಸರಿಯಾಗಿ ಕಚ್ಚಿಕೊಳ್ಳದಿದ್ದರೂ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿರುತ್ತದೆ. ಅಷ್ಟು ಸಾಕು.

ವಿದ್ಯುತ್ತಿನ ಕಡೆ ಬರೋಣ. ಗೋಡೆಯ 230 ವೋಲ್ಟನ್ನು ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟುಗಳಾಗಿ ಇಳಿಸುತ್ತದೆ. 12 ವೋಲ್ಟಿನ ತಂತಿಯಲ್ಲಿ ನೂರಕ್ಕೆ 5ರಷ್ಟು ಏರಿಳಿತಕ್ಕೆ ಅವಕಾಶ, 11.4ಕ್ಕಿಂತ ಕೆಳಗಿಳಿದರೆ ಜವಾಬ್ದಾರಿ ಇಲ್ಲ. ಮದರ್‌ಬೋರ್ಡು ಅದನ್ನು ಮತ್ತೆ 1.2 ವೋಲ್ಟಿನ ಆಸುಪಾಸಿಗೆ ಇಳಿಸಿ ಪ್ರೊಸೆಸರಿಗೆ ಕೊಡುತ್ತದೆ. 65 ವ್ಯಾಟಿನ ಪ್ರೊಸೆಸರಿಗೆ ಆ ಲೆಕ್ಕದಲ್ಲಿ 54 ಆಂಪಿಯರ್ ಹರಿಯಬೇಕು. ಇಡೀ ಮನೆಗೆ ಹಾಕುವ 32 ಆಂಪಿಯರ್ ಎಂಸಿಬಿ ಇದಕ್ಕೆ ಸಾಲದು! ಈ ಹರಿವನ್ನು ಅಲುಗದಂತೆ ಹಿಡಿದಿಡುವವು ಪ್ರೊಸೆಸರಿನ ಪಕ್ಕ ಸಾಲಾಗಿ ನಿಂತ ಗಿಡ್ಡ ಸಿಲಿಂಡರುಗಳು, ಅಂದರೆ ಕೆಪಾಸಿಟರುಗಳು.

2000ದ ದಶಕದ ಆರಂಭದ ವರ್ಷಗಳಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಮದರ್‌ಬೋರ್ಡುಗಳು ಒಂದೆರಡು ವರ್ಷಕ್ಕೇ ಮಲಗಿದವು. ಅವುಗಳ ಕೆಪಾಸಿಟರಿನೊಳಗಿನ ದ್ರಾವಣ ಕಳಪೆಯಾಗಿತ್ತು. ನೀರಿನಂಶ ಅಲ್ಯೂಮಿನಿಯಂ ಜೊತೆ ವರ್ತಿಸಿ ಹೈಡ್ರೋಜನ್ ಅನಿಲ ಹುಟ್ಟುತ್ತಿತ್ತು. ಇಂಥ ಕೆಪಾಸಿಟರನ್ನು ಗುರುತಿಸಲು ಮೀಟರು ಬೇಕಿಲ್ಲ. ಸರಿಯಿರುವುದರ ತಲೆ ನಾಣ್ಯದಷ್ಟು ಸಪಾಟಾಗಿರುತ್ತದೆ, ಮೇಲೆ ಅಡ್ಡಗೆರೆ ಕೊರೆದಿರುತ್ತದೆ. ಕೆಟ್ಟದ್ದರ ತಲೆ ಉಬ್ಬಿ ಗುಮ್ಮಟವಾಗಿರುತ್ತದೆ, ಆ ಗೆರೆ ಬಿರಿದು ಕಂದು ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಬೆಳಗ್ಗೆ ನಾಲ್ಕು ಸಲ ಒತ್ತಿದರೂ ಏಳದೆ, ಒಮ್ಮೆ ಬಿಸಿಯಾದ ಮೇಲೆ ಸಂಜೆವರೆಗೆ ಚೆನ್ನಾಗಿ ಓಡುವ ಯಂತ್ರ ಇದ್ದರೆ ಮೊದಲು ಇವುಗಳ ತಲೆ ನೋಡಿ. ಒಣಗುತ್ತಿರುವ ಕೆಪಾಸಿಟರಿನ ಒಳರೋಧ ಬಿಸಿಯಾದಾಗ ತಗ್ಗುತ್ತದೆ. ಒಂದು ಎಚ್ಚರಿಕೆ: ಬೋರ್ಡನ್ನು ನೋಡಬಹುದು, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. 230 ವೋಲ್ಟಿನ ಎಸಿಯ ಶಿಖರ 325 ವೋಲ್ಟ್. ಪ್ಲಗ್ ಕಿತ್ತ ಮೇಲೂ ಅಷ್ಟು ಒಳಗೆ ಉಳಿದಿರಬಹುದು. ಪರಿಚಯದವರ ಮನೆಯ ಸರಿಯಿರುವ ಎಸ್‌ಎಂಪಿಎಸ್ ತಂದು ಹಾಕಿ ನೋಡುವುದೇ ಅದರ ಪರೀಕ್ಷೆ.

ಇನ್ನು ರ್‍ಯಾಮ್. ಐಬಿಎಂನ ರಾಬರ್ಟ್ ಡೆನಾರ್ಡ್ 1960ರ ದಶಕದಲ್ಲಿ ಕಂಡುಹಿಡಿದ ವಿನ್ಯಾಸವೇ ಇವತ್ತಿಗೂ ನಡೆಯುತ್ತಿದೆ: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರು, ಒಂದು ಅತಿಸೂಕ್ಷ್ಮ ಕೆಪಾಸಿಟರು. ಆ ಕೆಪಾಸಿಟರಿನ ವಿದ್ಯುದಂಶ ಸದಾ ಸೋರುತ್ತದೆ. ತೂತಿನ ಕೊಡಕ್ಕೆ ನೀರು ಹುಯ್ಯುತ್ತಲೇ ಇರುವಂತೆ ಪ್ರತಿಯೊಂದನ್ನೂ 64 ಮಿಲಿಸೆಕೆಂಡಿಗೊಮ್ಮೆಯಾದರೂ ಓದಿ ಮತ್ತೆ ತುಂಬಬೇಕು. 8 ಜಿಬಿ ರ್‍ಯಾಮಿನಲ್ಲಿ ಇಂಥವು ಸುಮಾರು 6,870 ಕೋಟಿ. ಒಂದು ಸ್ವಲ್ಪ ಬೇಗ ಸೋರಿದರೂ 1 ಇದ್ದದ್ದು 0 ಆಗುತ್ತದೆ.

ಹೊರಗಿನ ಪೆಟ್ಟಿನಿಂದಲೂ ಬಿಟ್ ಮಗುಚಬಹುದು. ಚಿಪ್ಪಿನ ಹೊದಿಕೆಯಲ್ಲಿ ಲವಲೇಶವಿದ್ದ ಯುರೇನಿಯಂ, ಥೋರಿಯಂಗಳ ಆಲ್ಫಾ ಕಣಗಳೇ ಹೀಗೆ ಮಾಡುತ್ತಿವೆ ಎಂದು 1978ರ ಸುಮಾರಿಗೆ ಇಂಟೆಲ್‌ನ ತಿಮೊತಿ ಮೇ ಮತ್ತು ಮರ್ರೆ ವುಡ್ಸ್ ತೋರಿಸಿದರು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೀಕ್‌ನಲ್ಲಿ ಕಂಪ್ಯೂಟರ್ ಎಣಿಸಿದ ಮತಗಳಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತ ಹೆಚ್ಚಿಗೆ ಬಂತು. 4,096 ಅಂದರೆ ಎರಡರ 12ನೇ ಘಾತ, ಅಂದರೆ ಒಂದೇ ಒಂದು ಬಿಟ್. ಕಾಸ್ಮಿಕ್ ಕಿರಣದ ಕೈವಾಡ ಇರಬಹುದೆಂದರು. ಕಥೆ ಸೊಗಸಾಗಿದೆ. ಆದರೆ ವಾರಕ್ಕೆ ಮೂರು ಸಲ ಬೀಳುವ ಮನೆಯ ಕಂಪ್ಯೂಟರಿಗೆ ಆಕಾಶದತ್ತ ಬೆರಳು ತೋರಿಸುವುದು ಸೋಮಾರಿತನ. ಗೂಗಲ್‌ನ ಸರ್ವರುಗಳ ಮೇಲೆ ನಡೆದ 2009ರ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ರ್‍ಯಾಮ್ ಪಟ್ಟಿಗಳು ತಪ್ಪು ಮಾಡಿದ್ದವು, ಅದರಲ್ಲೂ ತಪ್ಪು ಮಾಡಿದವೇ ಮತ್ತೆ ಮತ್ತೆ ಮಾಡಿದ್ದವು. ಅಂದರೆ ಕಿರಣವಲ್ಲ, ಪಟ್ಟಿಯೇ ಕೆಟ್ಟದ್ದು.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತು ಇಳಿಸಿ, ರ್‍ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡೂ ಕಡೆಯ ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಈ ಹಳೆಯ ಉಪಾಯ ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಚೆನ್ನಾಗಿ ಒಗ್ಗುತ್ತದೆ. ಆಮೇಲೆ ಮೆಮ್‌ಟೆಸ್ಟ್86 ಎಂಬ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಕ್ಷಮೆ ಇಲ್ಲ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ಓಡಿಸಿದರೆ ಕಳ್ಳ ಸಿಗುತ್ತಾನೆ.

ಪ್ರೊಸೆಸರೂ ತಪ್ಪು ಮಾಡಬಹುದು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ ಒಮ್ಮೆ ಗ್ರಾಹಕರಿಂದ ಬಂದ ಕ್ರ್ಯಾಶ್ ವರದಿಗಳಲ್ಲಿ ಒಂದು ಅಸಂಭವವನ್ನು ಕಂಡರು. ಪ್ರೊಸೆಸರ್ ತನ್ನದೇ ಒಂದು ರಿಜಿಸ್ಟರನ್ನು ಸೊನ್ನೆ ಮಾಡಿಕೊಳ್ಳುವ ಆದೇಶದ ಮೇಲೆ ಮುಗ್ಗರಿಸಿತ್ತು. ಅದು ಮೆಮೊರಿಯನ್ನು ಮುಟ್ಟುವ ಕೆಲಸವೇ ಅಲ್ಲ, ಸೋಲಲು ದಾರಿಯೇ ಇಲ್ಲ. ವಿಚಾರಿಸಿದಾಗ ತಿಳಿದದ್ದು, ಆ ಯಂತ್ರಗಳು ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಿದ್ದವು. ಕೆಲವರಿಗೆ ಅದು ಗೊತ್ತೇ ಇರಲಿಲ್ಲ; ಜೋಡಿಸಿ ಕೊಟ್ಟ ಅಂಗಡಿಯವರೇ ಕಡಿಮೆ ಬೆಲೆಯ ಚಿಪ್ಪನ್ನು ಓವರ್‌ಕ್ಲಾಕ್ ಮಾಡಿ ಮಾರಿದ್ದರು. ಬಯೋಸ್‌ಗೆ ಹೋಗಿ ಎಲ್ಲವನ್ನೂ ಡಿಫಾಲ್ಟ್‌ಗೆ ತರುವುದು ಎರಡು ನಿಮಿಷದ ಕೆಲಸ, ಖರ್ಚೂ ಇಲ್ಲ.

ಹಾರ್ಡ್ ಡಿಸ್ಕ್ ಹಾಳಾಗುವ ಬಗೆ ಬೇರೆ. ಮೌಸ್ ಅಲ್ಲಾಡುತ್ತದೆ, ಏನು ಒತ್ತಿದರೂ ತೆರೆಯುವುದಿಲ್ಲ, ಡಿಸ್ಕಿನ ದೀಪ ಒಂದೇ ಸಮನೆ ಉರಿಯುತ್ತದೆ, ಅರ್ಧ ನಿಮಿಷದ ಮೇಲೆ ಎಲ್ಲ ಒಟ್ಟಿಗೆ ತೆರೆದುಕೊಳ್ಳುತ್ತದೆ. ಓದಲಾಗದ ಸೆಕ್ಟರನ್ನು ಡಿಸ್ಕು ಮತ್ತೆ ಮತ್ತೆ ಓದಲು ಹೆಣಗುತ್ತಿದೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ‘ಪೆಂಡಿಂಗ್ ಸೆಕ್ಟರ್’ ಸೊನ್ನೆಗಿಂತ ಹೆಚ್ಚಿದ್ದರೆ ಹೊಸದು ಕೊಳ್ಳಿ. ಸೊನ್ನೆಯೇ ಇದ್ದರೂ ನೆಮ್ಮದಿ ಬೇಡ. ಗೂಗಲ್‌ನ 2007ರ ಅಧ್ಯಯನದಲ್ಲಿ ಕೆಟ್ಟ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಯಾವ ಮುನ್ಸೂಚನೆಯನ್ನೂ ಕೊಡದೆಯೇ ಹೋಗಿದ್ದವು.

ಡ್ರೈವರುಗಳದ್ದು ಕೊನೆಯ ಅನುಮಾನ. ಅವು ಕರ್ನಲ್ಲಿನ ಒಳಮನೆಯಲ್ಲಿ ಕೂತು ಕೆಲಸ ಮಾಡುವುದರಿಂದ ಅವುಗಳ ತಪ್ಪಿಗೆ ಇಡೀ ಯಂತ್ರ ಬೀಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. 20 ಅಂಶ ಕೊಡುವ ಕಡೆ 21ನೆಯದನ್ನು ಓದಲು ಹೋದದ್ದೇ ಮೂಲ. ಸೇಫ್ ಮೋಡ್‌ನಲ್ಲಿ ಎಬ್ಬಿಸಿ ಆ ಅಪ್‌ಡೇಟಿನ ಫೈಲನ್ನು ಅಳಿಸಿದ ಕೂಡಲೇ ಯಂತ್ರಗಳು ಸರಿಹೋದವು. ಸಂದೇಶ ಹೇಳುವ ಜಾಗವೇ ದೋಷದ ಜಾಗ ಎಂದು ನಂಬಲೂ ಆಗದು. ಅದೇ ವರ್ಷ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಸವೆಯುತ್ತಿದ್ದಾಗ ಗೇಮುಗಳು ‘ವಿಡಿಯೋ ಮೆಮೊರಿ ಸಾಲದು’ ಎಂದು ದೂರುತ್ತಿದ್ದವು. ಗ್ರಾಫಿಕ್ಸ್ ಕಾರ್ಡ್ ನಿರಪರಾಧಿ.

ಹಾಗಾದರೆ ಫಾರ್ಮ್ಯಾಟ್ ಮಾಡಿಸಬೇಕೋ ಬೇಡವೋ? ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಯಂತ್ರವನ್ನು ಎಬ್ಬಿಸಿ. ಅದರಲ್ಲೇ ವಿಡಿಯೋ ನೋಡಿ, ಕೆಲಸ ಮಾಡಿ, ಮೂರು ಪಟ್ಟು ಹೊತ್ತು ಕಾಯಿರಿ. ಅಲ್ಲೂ ಹ್ಯಾಂಗ್ ಆದರೆ ವಿಂಡೋಸ್ ಮೇಲಿನ ಆರೋಪ ಬಿತ್ತು. ಆಗದಿದ್ದರೆ ಫಾರ್ಮ್ಯಾಟಿಗೆ ಮುಂಚೆ ಡಿಸ್ಕ್ ಮತ್ತು ಅದರ ಕೇಬಲ್ ಕಡೆಗೊಮ್ಮೆ ನೋಡಿ, ಪೆನ್‌ಡ್ರೈವಿನಿಂದ ಓಡುವಾಗ ಅವಕ್ಕೆ ಹೆಚ್ಚು ಕೆಲಸವಿರಲಿಲ್ಲ.

1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರೂ ಹೀಗೇ ಆಗಾಗ ರೀಸೆಟ್ ಆಗತೊಡಗಿತ್ತು. ಹವಾಮಾನದ ಲೆಕ್ಕ ಬರೆಯುವ ಕೆಳದರ್ಜೆಯ ಕೆಲಸವೊಂದು ಹಿಡಿದ ಬೀಗದ ಕೈಯನ್ನು ಬಿಡುವಷ್ಟರಲ್ಲಿ ಮಧ್ಯಮ ದರ್ಜೆಯದು ನುಗ್ಗುತ್ತಿತ್ತು. ಮುಖ್ಯ ಕೆಲಸ ಕಾದು ಕಾದು ತಡವಾಗಿ, ಕಾವಲಿನ ಗಡಿಯಾರ ಯಂತ್ರವನ್ನು ರೀಸೆಟ್ ಮಾಡುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿದ್ದ ಅದರ ತದ್ರೂಪು ಯಂತ್ರದಲ್ಲಿ ಅದೇ ರೀಸೆಟ್ ಮರುಕಳಿಸುವವರೆಗೆ ಓಡಿಸಿ, ಕಾರಣ ಹಿಡಿದು, ತಿದ್ದುಪಡಿಯನ್ನು ರೇಡಿಯೋದಲ್ಲಿ ಕಳಿಸಿದರು. ನಮ್ಮಲ್ಲಿ ತದ್ರೂಪು ಯಂತ್ರ ಇರುವುದಿಲ್ಲ. ಬದಲಿಗೆ ಒಂದು ನೋಟ್‌ಬುಕ್ ಇರಲಿ: ದಿನ, ಗಂಟೆ, ಏನು ಮಾಡುತ್ತಿದ್ದಿರಿ, ಹೇಗೆ ನಿಂತಿತು, ಆ ಹೊತ್ತಿಗೆ ಮೋಟರ್ ಪಂಪ್ ಹಾಕಿದ್ದರೋ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಬದಲಿಸಿದ್ದನ್ನೂ ಅದರಲ್ಲೇ ಬರೆಯಿರಿ.

ಎಲ್ಲ ಬದಲಿಸಿದ ಮೇಲೂ ನಿಲ್ಲುತ್ತಿದ್ದರೆ ಉಳಿದದ್ದು ಮದರ್‌ಬೋರ್ಡು. ಅದಕ್ಕೆ ನೇರ ಪರೀಕ್ಷೆಯಿಲ್ಲ, ಉಳಿದವರೆಲ್ಲ ಖುಲಾಸೆಯಾದ ಮೇಲೆ ಅಪರಾಧಿಯಾಗಿ ಸಿಗುವುದು ಅದು. ಹಳೆಯ ಪ್ರೊಸೆಸರಿಗೆ ಹೊಂದುವ ಹೊಸ ಬೋರ್ಡು ಮಾರುಕಟ್ಟೆಯಲ್ಲಿ ಸಿಗುವುದು ಕಷ್ಟ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಬಳಸಿದ್ದು ಸಿಕ್ಕೀತು. ದುಡ್ಡು ಕೊಡುವ ಮುನ್ನ ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಕೆಪಾಸಿಟರುಗಳ ತಲೆ ಸಪಾಟಾಗಿದೆಯೇ ನೋಡಿ, ಸಾಕೆಟ್ಟಿನ ಪಿನ್ನು ಒಂದೂ ಬಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಹತ್ತು ದಿನದೊಳಗೆ ವಾಪಸು ತೆಗೆದುಕೊಳ್ಳುತ್ತೇನೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.